ಹಡಗೇರುವ ಮುನ್ನ ಮತ್ತು ಏರಿದ ಮೇಲೆ: ನಾವಿಕರ ತರಬೇತಿ ಹೇಗೆ ನಡೆಯುತ್ತದೆ

2025ರ ಜೂನ್ 9ರಂದು ಕೊಲಂಬೊದಿಂದ ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿಗೆ ಹೊರಟಿದ್ದ ‘ವಾನ್ ಹೈ 503’ ಎಂಬ ಕಂಟೇನರ್ ಹಡಗಿನಲ್ಲಿ, ಕೇರಳದ ಕಣ್ಣೂರು ಕಡೆಯ ತೀರದಿಂದ ಬಹುದೂರದ ಸಮುದ್ರದಲ್ಲಿ, ಸ್ಫೋಟ ಸಂಭವಿಸಿ ಬೆಂಕಿ ಹತ್ತಿಕೊಂಡಿತು. ಹಡಗಿನಲ್ಲಿದ್ದ 22 ಮಂದಿಯಲ್ಲಿ 18 ಮಂದಿ ಹಡಗು ತೊರೆದು ಪಾರಾದರು, ನಾಲ್ವರು ಕಾಣೆಯಾದರು. ಪಾರಾದವರನ್ನು ಭಾರತೀಯ ನೌಕಾಪಡೆಯ ಐಎನ್‌ಎಸ್ ಸೂರತ್ ಅದೇ ರಾತ್ರಿ ಪಣಂಬೂರಿನ ನವಮಂಗಳೂರು ಬಂದರಿಗೆ ಕರೆತಂದಿತು; ಸುಟ್ಟಗಾಯಗಳಾಗಿದ್ದವರಿಗೆ ಮಂಗಳೂರಿನಲ್ಲಿಯೇ ಚಿಕಿತ್ಸೆ ನಡೆಯಿತು. ಅದಕ್ಕೆ ಎರಡು ವಾರ ಮೊದಲಷ್ಟೇ ವಿಳಿಂಜಂನಿಂದ ಕೊಚ್ಚಿಗೆ ಬರುತ್ತಿದ್ದ ‘ಎಂಎಸ್‌ಸಿ ಎಲ್ಸಾ 3’ ಒಂದು ಬದಿಗೆ ವಾಲಿ, ಮೇ 25ರಂದು ಮುಳುಗಿತ್ತು. ಅದರಲ್ಲಿದ್ದ 24 ಮಂದಿಯೂ ಬದುಕುಳಿದರು.

ಕಂಟೇನರುಗಳಲ್ಲಿ ಏನಿತ್ತು, ಮೀನುಗಾರಿಕೆಗೆ ಏನು ತೊಂದರೆಯಾದೀತು ಎಂಬ ಪ್ರಶ್ನೆಗಳು ಆಗ ಕರಾವಳಿಯಲ್ಲಿ ಸಹಜವಾಗಿಯೇ ಎದ್ದವು. ಹೊತ್ತಿ ಉರಿಯುವ ಹಡಗಿನಿಂದ, ವಾಲುತ್ತಿರುವ ಹಡಗಿನಿಂದ ನೀರಿಗಿಳಿದು ಬದುಕಿ ಬರುವುದನ್ನು ಆ ಜನ ಎಲ್ಲಿ ಕಲಿತಿದ್ದರು ಎಂಬ ಪ್ರಶ್ನೆ ಮಾತ್ರ ಅಷ್ಟಾಗಿ ಕೇಳಿಬರಲಿಲ್ಲ. ಮಂಗಳೂರು, ಉಡುಪಿ, ಕಾರವಾರದ ಕಡೆಯ ಎಷ್ಟೋ ಮನೆಗಳಲ್ಲಿ ‘ನಮ್ಮ ಹುಡುಗ ಶಿಪ್ಪಿನಲ್ಲಿದ್ದಾನೆ’ ಎಂಬ ಮಾತು ಕೇಳಿಸುತ್ತದೆಯಾದರೂ, ಆ ಹುಡುಗ ಹಡಗೇರುವ ಮುನ್ನ ಏನೇನು ಕಲಿತ, ಈಗಲೂ ಏನು ಕಲಿಯುತ್ತಿದ್ದಾನೆ ಎಂಬುದು ಮನೆಯವರಿಗೂ ಪೂರ್ತಿಯಾಗಿ ತಿಳಿದಿರುವುದಿಲ್ಲ.

ಮೊದಲಿಗೇ ಒಂದು ಗೊಂದಲವನ್ನು ಬಗೆಹರಿಸಿಕೊಳ್ಳುವುದು ಒಳ್ಳೆಯದು. ‘ಮರ್ಚೆಂಟ್ ನೇವಿ’ ಎಂಬ ಹೆಸರಿನಲ್ಲಿ ನೇವಿ ಎಂಬ ಪದವಿದ್ದರೂ ಅದಕ್ಕೂ ದೇಶದ ನೌಕಾಪಡೆಗೂ ಸಂಬಂಧವಿಲ್ಲ. ಕಾರವಾರದ ಕದಂಬ ನೌಕಾನೆಲೆಯಲ್ಲಿ ಕಾಣುವವು ರಕ್ಷಣಾ ಸಚಿವಾಲಯಕ್ಕೆ ಸೇರಿದ ಯುದ್ಧನೌಕೆಗಳು. ಪಣಂಬೂರಿಗೆ ಕಚ್ಚಾತೈಲ, ಕಲ್ಲಿದ್ದಲು, ಅಡುಗೆ ಅನಿಲ ತರುವವು ವಾಣಿಜ್ಯ ಹಡಗುಗಳು. ಈ ಲೇಖನ ಎರಡನೆಯ ಬಗೆಯ ಹಡಗುಗಳಲ್ಲಿ ದುಡಿಯುವವರ ತರಬೇತಿಗೆ ಸಂಬಂಧಿಸಿದ್ದು.

ಸಮುದ್ರದ ನಡುವಿನ ಪುಟ್ಟ ಊರು

ಊರಿನಲ್ಲಿ ಬೆಂಕಿ ಬಿದ್ದರೆ ಅಗ್ನಿಶಾಮಕ ದಳಕ್ಕೆ ಫೋನ್ ಮಾಡುತ್ತೇವೆ. ಕರೆಂಟು ಹೋದರೆ ಲೈನ್‌ಮನ್ ಬರುತ್ತಾನೆ, ಕೈ ಮುರಿದರೆ ಆಸ್ಪತ್ರೆಗೆ ಹೋಗುತ್ತೇವೆ. ತೀರದಿಂದ ನೂರಾರು ಮೈಲಿ ದೂರದಲ್ಲಿರುವ ಹಡಗಿಗೆ ಇವರಲ್ಲಿ ಯಾರೂ ಬರಲಾರರು. ಕುಡಿಯುವ ನೀರನ್ನು ಸಮುದ್ರದ ನೀರಿನಿಂದ ತಯಾರಿಸುವವರು, ವಿದ್ಯುತ್ ಉತ್ಪಾದಿಸುವವರು, ಬೆಂಕಿ ಆರಿಸುವವರು, ಗಾಯಕ್ಕೆ ಕಟ್ಟು ಹಾಕುವವರು, ಅಡುಗೆ ಮಾಡುವವರು ಎಲ್ಲರೂ ಹಡಗಿನಲ್ಲಿರುವ ಆ ಇಪ್ಪತ್ತು ಇಪ್ಪತ್ತೈದು ಮಂದಿಯೇ. ನಾವಿಕರ ತರಬೇತಿಯ ನಿಯಮಗಳು ಹೊರಗಿನವರಿಗೆ ಅತಿಯಾಗಿ, ಕೆಲವೊಮ್ಮೆ ಅನಗತ್ಯವಾಗಿ ಕಾಣಬಹುದು. ಆದರೆ ನೆರವಿಗೆ ಬರುವವರು ಹತ್ತಿರದಲ್ಲಿಲ್ಲ ಎಂಬ ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಆ ನಿಯಮಗಳ ಬಹುಪಾಲು ತಾನಾಗಿಯೇ ಅರ್ಥವಾಗುತ್ತದೆ.

ಈ ಪುಟ್ಟ ಊರಿನಲ್ಲಿ ಮುಖ್ಯವಾಗಿ ಮೂರು ವಿಭಾಗಗಳಿವೆ. ಡೆಕ್ ವಿಭಾಗ ಹಡಗನ್ನು ನಡೆಸುತ್ತದೆ, ಸರಕನ್ನು ನೋಡಿಕೊಳ್ಳುತ್ತದೆ. ಎಂಜಿನ್ ವಿಭಾಗ ಯಂತ್ರಗಳನ್ನು ನೋಡಿಕೊಳ್ಳುತ್ತದೆ. ಮೂರನೆಯದು ಅಡುಗೆ ಮತ್ತು ಊಟೋಪಚಾರದ ವಿಭಾಗ. ಡೆಕ್ ಮತ್ತು ಎಂಜಿನ್ ವಿಭಾಗಗಳಲ್ಲಿ ಅಧಿಕಾರಿಗಳು, ಅಂದರೆ ಆಫೀಸರುಗಳು ಮತ್ತು ಎಂಜಿನಿಯರುಗಳು, ಒಂದು ಕಡೆಯಾದರೆ ‘ರೇಟಿಂಗ್’ ಎಂದು ಕರೆಯಲಾಗುವ ಸಿಬ್ಬಂದಿ ಇನ್ನೊಂದು ಕಡೆ. ಡೆಕ್ ಸಿಬ್ಬಂದಿಯ ಮೇಸ್ತ್ರಿಯಾದ ಬೋಸನ್, ಅನುಭವಿ ಡೆಕ್ ನಾವಿಕನಾದ ಎಬಿ, ಎಂಜಿನ್ ಕಡೆಯ ಫಿಟ್ಟರ್, ಮೋಟರ್‌ಮನ್ ಮೊದಲಾದವರು ರೇಟಿಂಗ್‌ಗಳು. ಎಲ್ಲರ ಮೇಲೆ ಕ್ಯಾಪ್ಟನ್. ಕಾನೂನಿನ ಭಾಷೆಯಲ್ಲಿ ಆತನ ಹೆಸರು ಮಾಸ್ಟರ್. ಯಾರು ಯಾವ ಮೆಟ್ಟಿಲಿನಲ್ಲಿದ್ದಾರೆ ಎಂಬುದರ ಮೇಲೆ ತರಬೇತಿಯ ಆಳ ನಿರ್ಧಾರವಾಗುತ್ತದೆ.

ಎಲ್ಲ ದೇಶಗಳಿಗೂ ಒಂದೇ ಅಳತೆಗೋಲು ಏಕೆ ಬೇಕಾಯಿತು

ವಾನ್ ಹೈ 503 ಸಿಂಗಪುರದ ಧ್ವಜ ಹೊತ್ತ ಹಡಗು. ಅದರಲ್ಲಿದ್ದವರು ತೈವಾನ್, ಚೀನಾ, ಮ್ಯಾನ್ಮಾರ್ ಮತ್ತು ಇಂಡೋನೇಷ್ಯಾದವರು. ಅವರನ್ನು ಉಳಿಸಿದವರು ಭಾರತೀಯರು. ಇದು ಅಪರೂಪದ ಸಂಗತಿಯಲ್ಲ, ಇಂದಿನ ಹಡಗುಗಾರಿಕೆ ಇರುವುದೇ ಹೀಗೆ. ಮಾಲೀಕ ಒಂದು ದೇಶದವನು, ನೋಂದಣಿ ಇನ್ನೊಂದು ದೇಶದ್ದು, ದುಡಿಯುವವರು ಮೂರು ನಾಲ್ಕು ದೇಶಗಳವರು. ಬೇರೆ ಬೇರೆ ಕಡೆ ಕಲಿತು ಬಂದವರು ಮೊದಲ ಬಾರಿ ಪರಸ್ಪರ ಮುಖ ನೋಡುತ್ತಲೇ ಒಂದೇ ತಂಡವಾಗಿ ಬೆಂಕಿ ಆರಿಸಬೇಕಾದರೆ, ಎಲ್ಲರ ಕಲಿಕೆಯೂ ಒಂದೇ ಅಳತೆಗೆ ಹೊಂದಿರಬೇಕು.

ಬಹುಕಾಲ ಅದು ಹಾಗಿರಲಿಲ್ಲ. ಪ್ರತಿ ದೇಶವೂ ತನಗೆ ತೋಚಿದಂತೆ ನಾವಿಕರಿಗೆ ತರಬೇತಿ ಕೊಟ್ಟು ಪ್ರಮಾಣಪತ್ರ ನೀಡುತ್ತಿತ್ತು. 1967ರ ಮಾರ್ಚ್ 18ರಂದು ‘ಟೊರಿ ಕ್ಯಾನ್ಯನ್’ ಎಂಬ ತೈಲದ ಹಡಗು ಇಂಗ್ಲೆಂಡಿನ ನೈರುತ್ಯ ತುದಿಯಾಚೆ ಬಂಡೆಗಳಿಗೆ ಅಪ್ಪಳಿಸಿತು. ಅದರಲ್ಲಿ ಒಂದು ಲಕ್ಷ ಟನ್ನಿಗೂ ಮಿಕ್ಕಿದ ಕಚ್ಚಾತೈಲವಿತ್ತು. ಕೊನೆಯ ಗಳಿಗೆಯಲ್ಲಿ ಚುಕ್ಕಾಣಿ ತಿರುಗಿಸಿದರೂ ಹಡಗು ತಿರುಗಲಿಲ್ಲ, ಏಕೆಂದರೆ ಚುಕ್ಕಾಣಿಯ ನಿಯಂತ್ರಣವನ್ನು ಬದಲಿಸುವ ಸನ್ನೆ ಸರಿಯಾದ ಸ್ಥಾನದಲ್ಲಿರಲಿಲ್ಲ. ಅದು ಗೊತ್ತಾಗುವಷ್ಟರಲ್ಲಿ ಸಮಯ ಮೀರಿತ್ತು. ಹಡಗು ಗಟ್ಟಿಯಾಗಿದ್ದರೆ ಸಾಲದು, ನಡೆಸುವವರ ಕಲಿಕೆಗೂ ಅಂತರರಾಷ್ಟ್ರೀಯ ನಿಯಮ ಬೇಕು ಎಂಬ ಒತ್ತಾಯವನ್ನು ಬಲಪಡಿಸಿದ ಘಟನೆಗಳಲ್ಲಿ ಇದು ಪ್ರಮುಖವಾದುದು.

ವಿಶ್ವಸಂಸ್ಥೆಯ ಅಂಗವಾದ, ಲಂಡನ್ನಿನಲ್ಲಿ ಕಚೇರಿಯಿರುವ ಅಂತರರಾಷ್ಟ್ರೀಯ ಕಡಲ ಸಂಸ್ಥೆ, ಚಿಕ್ಕದಾಗಿ ಐಎಂಒ, 1978ರಲ್ಲಿ ಒಂದು ಒಪ್ಪಂದವನ್ನು ರೂಪಿಸಿತು. ನಾವಿಕರ ತರಬೇತಿ, ಪ್ರಮಾಣೀಕರಣ ಮತ್ತು ಪಾಳಿ ಕಾಯುವಿಕೆಯ (ಅಂದರೆ ಸರದಿಯಂತೆ ಹಡಗನ್ನೂ ಯಂತ್ರಗಳನ್ನೂ ನೋಡಿಕೊಳ್ಳುವುದರ) ಮಾನದಂಡಗಳ ಒಪ್ಪಂದ ಎಂಬುದು ಅದರ ಹೆಸರಿನ ಅರ್ಥ. ವೃತ್ತಿಯಲ್ಲಿರುವವರೆಲ್ಲ ಅದನ್ನು ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ‘ಎಸ್‌ಟಿಸಿಡಬ್ಲ್ಯು’ ಎನ್ನುತ್ತಾರೆ. 1984ರಲ್ಲಿ ಜಾರಿಗೆ ಬಂದ ಈ ಒಪ್ಪಂದದಲ್ಲಿ ಒಂದು ದೊಡ್ಡ ಕೊರತೆಯಿತ್ತು: ಎಷ್ಟೋ ವಿಷಯಗಳಲ್ಲಿ ಯಾವ ಮಟ್ಟದ ಕಲಿಕೆ ಸಾಕು ಎಂಬುದನ್ನು ಆಯಾ ದೇಶದ ಆಡಳಿತದ ತೃಪ್ತಿಗೆ ಬಿಟ್ಟಿತ್ತು. ಒಂದು ದೇಶ ಸುಲಭವಾಗಿ ತೃಪ್ತಿಪಟ್ಟರೆ, ಅಲ್ಲಿನ ಪ್ರಮಾಣಪತ್ರಕ್ಕೂ ಕಟ್ಟುನಿಟ್ಟಿನ ದೇಶದ ಪ್ರಮಾಣಪತ್ರಕ್ಕೂ ಹೆಸರು ಒಂದೇ ಆಗಿದ್ದರೂ ಬೆಲೆ ಬೇರೆಯಾಗುತ್ತಿತ್ತು. 1995ರ ತಿದ್ದುಪಡಿ ಇದನ್ನು ಸರಿಪಡಿಸಿತು. ಇಂತಿಷ್ಟು ದಿನ ತರಗತಿಯಲ್ಲಿ ಕುಳಿತ ಎಂಬುದಕ್ಕಿಂತ, ಇಂಥ ಕೆಲಸವನ್ನು ಮಾಡಿ ತೋರಿಸಬಲ್ಲನೇ ಎಂಬುದು ಮುಖ್ಯವಾಯಿತು. ಯಾವ ಹುದ್ದೆಗೆ ಯಾವ ಕೌಶಲ ಬೇಕು, ಅದನ್ನು ಹೇಗೆ ಪರೀಕ್ಷಿಸಬೇಕು ಎಂಬ ವಿವರವಾದ ಕೋಷ್ಟಕಗಳು ಬಂದವು. 2010ರ ಜೂನ್‌ನಲ್ಲಿ ಮನಿಲಾದಲ್ಲಿ ಮತ್ತೊಂದು ದೊಡ್ಡ ತಿದ್ದುಪಡಿಯಾಗಿ, 2012ರ ಜನವರಿ 1ರಿಂದ ಜಾರಿಗೆ ಬಂತು. ಎಲೆಕ್ಟ್ರಾನಿಕ್ ನಕ್ಷೆಗಳ ಬಳಕೆ, ತಂಡವಾಗಿ ನಿರ್ಧಾರ ತೆಗೆದುಕೊಳ್ಳುವ ಬಗೆ, ವಿಶ್ರಾಂತಿಯ ಅವಧಿ ಇವೆಲ್ಲ ಅದರಲ್ಲಿ ಗಟ್ಟಿಯಾದವು. ಪಾಳಿ ಕಾಯುವವನಿಗೆ 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ, ಏಳು ದಿನಗಳಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ ಸಿಗಬೇಕೆಂಬುದು ಈಗಿನ ನಿಯಮ.

ಭಾರತದಲ್ಲಿ ಈ ಒಪ್ಪಂದವನ್ನು ಜಾರಿಗೊಳಿಸುವ ಹೊಣೆ ಮುಂಬೈಯಲ್ಲಿರುವ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್‌ನದು. ಬಾಯಿಮಾತಿನಲ್ಲಿ ಎಲ್ಲರೂ ‘ಡಿಜಿ ಶಿಪ್ಪಿಂಗ್’ ಎನ್ನುವುದು ಇದನ್ನೇ. ಯಾವ ಸಂಸ್ಥೆ ಯಾವ ಕೋರ್ಸ್ ನಡೆಸಬಹುದು, ಪರೀಕ್ಷೆ ಹೇಗಿರಬೇಕು, ಪ್ರಮಾಣಪತ್ರ ಯಾರಿಗೆ ಕೊಡಬೇಕು ಎಂಬುದೆಲ್ಲ ಇಲ್ಲಿಂದಲೇ ನಿರ್ಧಾರವಾಗುತ್ತದೆ.

ಎಲ್ಲರಿಗೂ ಮೊದಲ ಪಾಠ: ಜೀವ ಉಳಿಸಿಕೊಳ್ಳುವುದು

ಮುಂದೆ ಕ್ಯಾಪ್ಟನ್ ಆಗುವವನಿರಲಿ, ಅಡುಗೆಯವನಿರಲಿ, ಹಡಗಿನ ಕೆಲಸಕ್ಕೆ ಹೋಗುವ ಪ್ರತಿಯೊಬ್ಬರೂ ಕೆಲವು ಕಿರು ಕೋರ್ಸುಗಳನ್ನು ಮುಗಿಸಲೇಬೇಕು. ನೀರಿನಲ್ಲಿ ಬದುಕುಳಿಯುವ ವಿಧಾನ, ಬೆಂಕಿ ತಡೆಯುವಿಕೆ ಮತ್ತು ಆರಿಸುವಿಕೆ, ಪ್ರಥಮ ಚಿಕಿತ್ಸೆ, ವೈಯಕ್ತಿಕ ಸುರಕ್ಷತೆ ಮತ್ತು ಸಾಮಾಜಿಕ ಹೊಣೆಗಾರಿಕೆ ಎಂಬ ನಾಲ್ಕು ಮೂಲ ಪಾಠಗಳು. ಅವುಗಳ ಜೊತೆಗೆ ಕಡಲ್ಗಳ್ಳತನ ಮುಂತಾದ ಅಪಾಯಗಳನ್ನು ಎದುರಿಸುವ ಭದ್ರತಾ ತರಬೇತಿ. ಸಾಮಾಜಿಕ ಹೊಣೆಗಾರಿಕೆಯ ಪಾಠದಲ್ಲಿ ಹಡಗಿನ ಮೇಲಿನ ಕಿರುಕುಳ, ಲೈಂಗಿಕ ದೌರ್ಜನ್ಯಗಳನ್ನು ತಡೆಯುವ ವಿಷಯವನ್ನೂ ಸೇರಿಸುವ ತಿದ್ದುಪಡಿ 2026ರ ಜನವರಿ 1ರಿಂದ ಜಾರಿಗೆ ಬಂದಿದೆ. ತಿಂಗಳುಗಟ್ಟಲೆ ಅದೇ ಜನರ ನಡುವೆ, ಹೊರಟುಹೋಗಲು ದಾರಿಯೇ ಇಲ್ಲದ ಜಾಗದಲ್ಲಿ ಬದುಕಬೇಕಾದವರಿಗೆ ಇದು ಬೆಂಕಿಯಷ್ಟೇ ಗಂಭೀರವಾದ ಸುರಕ್ಷತೆಯ ವಿಷಯ ಎಂಬುದನ್ನು ಒಪ್ಪಿಕೊಳ್ಳಲು ಇಷ್ಟು ಕಾಲ ಹಿಡಿಯಿತು.

ಬದುಕುಳಿಯುವ ಪಾಠ ನಡೆಯುವುದು ಈಜುಕೊಳದಲ್ಲಿ. ಜೀವರಕ್ಷಕ ಅಂಗಿ ತೊಟ್ಟು ಎತ್ತರದಿಂದ ನೀರಿಗೆ ಹಾರಬೇಕು. ಹಾರುವಾಗ ಅಂಗಿ ಮೇಲಕ್ಕೆ ಚಿಮ್ಮಿ ಗದ್ದಕ್ಕೆ ಬಡಿಯದಂತೆ ಒಂದು ಕೈಯಿಂದ ಅದನ್ನು ಒತ್ತಿ ಹಿಡಿದಿರಬೇಕು. ಬೋರಲಾಗಿ ಬಿದ್ದ, ಗಾಳಿ ತುಂಬಿದ ಲೈಫ್ ರ‍್ಯಾಫ್ಟ್ ಎಂಬ ತೆಪ್ಪವನ್ನು ಒಬ್ಬನೇ ನೀರಿನಲ್ಲಿದ್ದುಕೊಂಡು ನೆಟ್ಟಗೆ ಮಾಡಬೇಕು. ಎಲ್ಸಾ 3ರ ಹಲವು ನಾವಿಕರು ನೆರವು ಬರುವ ತನಕ ಬದುಕಿದ್ದು ಇಂಥ ತೆಪ್ಪಗಳಲ್ಲಿಯೇ.

ಬೆಂಕಿಯ ಪಾಠದಲ್ಲಿ ಹೊಗೆ ತುಂಬಿದ ಕತ್ತಲೆ ಕೋಣೆಯೊಳಕ್ಕೆ ಉಸಿರಾಟದ ಸಾಧನ ಕಟ್ಟಿಕೊಂಡು ತೆವಳಿ ಹೋಗಿ, ಒಳಗಿರುವ ‘ಗಾಯಾಳು’ವನ್ನು ಹೊರಗೆ ತರಬೇಕು. ಆದರೆ ಹಡಗಿನ ಬೆಂಕಿಯನ್ನು ಮನೆಯ ಬೆಂಕಿಯಂತೆ ಎದುರಿಸಲಾಗದು ಎಂಬುದೇ ಇಲ್ಲಿ ಕಲಿಯಬೇಕಾದ ದೊಡ್ಡ ಸಂಗತಿ. ಅಗಲವಾದ ಹರಿವಾಣದಲ್ಲಿ ನೀರು ತುಂಬಿಕೊಂಡು ನಡೆದು ನೋಡಿದವರಿಗೆ ಇದು ತಟ್ಟನೆ ಅರ್ಥವಾದೀತು. ಕೈ ಸ್ವಲ್ಪ ಓರೆಯಾದರೆ ನೀರೆಲ್ಲ ಆ ಕಡೆಗೇ ಹರಿಯುತ್ತದೆ, ಹರಿದ ನೀರಿನ ಭಾರಕ್ಕೆ ಹರಿವಾಣ ಇನ್ನಷ್ಟು ಓರೆಯಾಗುತ್ತದೆ. ಬೆಂಕಿ ಆರಿಸಲೆಂದು ಹಡಗಿನ ಅಗಲವಾದ ಅಂಕಣಗಳಿಗೆ ಸುರಿದ ನೀರೂ ಹಾಗೆಯೇ ಅಲೆಯ ಓಲಾಟಕ್ಕೆ ಒಂದು ಬದಿಗೆ ಹರಿದು, ಬೆಂಕಿಗಿಂತ ಮೊದಲು ಹಡಗನ್ನೇ ಮಗುಚಿಬಿಡಬಹುದು. ಎಂಜಿನ್ ಕೋಣೆಯ ದೊಡ್ಡ ಬೆಂಕಿಗೆ ಕಾರ್ಬನ್ ಡೈಆಕ್ಸೈಡ್ ಅನಿಲವನ್ನು ಬಿಟ್ಟು ಉಸಿರುಗಟ್ಟಿಸುವ ವ್ಯವಸ್ಥೆ ಬಹಳಷ್ಟು ಹಡಗುಗಳಲ್ಲಿದೆ; ಆದರೆ ಆ ಅನಿಲ ಬೆಂಕಿಯಂತೆಯೇ ಮನುಷ್ಯನ ಉಸಿರನ್ನೂ ನಿಲ್ಲಿಸುವುದರಿಂದ, ಪ್ರತಿಯೊಬ್ಬನ ತಲೆಯೆಣಿಸಿ, ಒಳಗೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲಷ್ಟೇ ಅದನ್ನು ಬಿಡಬೇಕು. ಬೆಂಕಿ ಬೆಳೆಯುತ್ತಿರುವಾಗ ತಾಳ್ಮೆಯಿಂದ ತಲೆಯೆಣಿಸುವುದು ಅಭ್ಯಾಸವಿಲ್ಲದವರಿಂದ ಆಗದ ಕೆಲಸ.

ಇನ್ನೊಂದು ಪಾಠ ಮುಚ್ಚಿದ ಜಾಗಗಳದ್ದು. ಬಹುಕಾಲ ಮುಚ್ಚಿಟ್ಟ ತೊಟ್ಟಿಯೊಳಗೆ ಕಬ್ಬಿಣ ತುಕ್ಕು ಹಿಡಿಯುವಾಗ ಗಾಳಿಯ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಒಳಗೆ ವಾಸನೆಯಿಲ್ಲ, ಹೊಗೆಯಿಲ್ಲ, ಆದರೂ ಇಳಿದವನು ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದವನೂ ಅಲ್ಲೇ ಬೀಳುತ್ತಾನೆ. ಹಾಳುಬಾವಿಗಳಲ್ಲಿ, ಮಲಗುಂಡಿಗಳಲ್ಲಿ ಒಬ್ಬರ ಹಿಂದೆ ಒಬ್ಬರು ಇಳಿದು ಸತ್ತ ಸುದ್ದಿಗಳನ್ನು ನಾವು ಎಷ್ಟು ಸಲ ಓದಿಲ್ಲ! ಹಡಗಿನಲ್ಲಿ ಇದನ್ನು ತಡೆಯಲು ಉಪಕರಣದಿಂದ ಗಾಳಿ ಪರೀಕ್ಷಿಸದೆ, ಲಿಖಿತ ಅನುಮತಿಯಿಲ್ಲದೆ ಯಾರೂ ಅಂಥ ಜಾಗಕ್ಕೆ ಇಳಿಯಬಾರದೆಂಬ ನಿಯಮವಿದೆ. ಅಲ್ಲಿಂದ ಒಬ್ಬರನ್ನು ಮೇಲೆತ್ತುವ ಅಣಕು ಅಭ್ಯಾಸವನ್ನು ಎರಡು ತಿಂಗಳಿಗೊಮ್ಮೆ ನಡೆಸಬೇಕು. ಗೆಳೆಯ ಬಿದ್ದಿರುವುದನ್ನು ಕಣ್ಣಾರೆ ಕಂಡರೂ ಒಳಗೆ ಧುಮುಕದೆ ಮೊದಲು ಎಚ್ಚರಿಕೆಯ ಗಂಟೆ ಬಾರಿಸುವಂತೆ ಮನಸ್ಸನ್ನು ಪಳಗಿಸುವುದು ಈ ಇಡೀ ತರಬೇತಿಯ ಅತ್ಯಂತ ಕಠಿಣ ಭಾಗವೆಂದು ನನಗೆ ತೋರುತ್ತದೆ.

ಡೆಕ್ಕಿನ ದಾರಿ

ಡೆಕ್ ಅಧಿಕಾರಿಯಾಗಲು ಬಯಸುವವರು ಸಾಮಾನ್ಯವಾಗಿ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಬೇಕು, ಇಂಗ್ಲಿಷಿನಲ್ಲಿಯೂ ನಿಗದಿತ ಅಂಕ ಪಡೆದಿರಬೇಕು. ಭಾರತೀಯ ಕಡಲ ವಿಶ್ವವಿದ್ಯಾಲಯ 2008ರಲ್ಲಿ ಸ್ಥಾಪನೆಯಾಯಿತು. ಅದರ ಕೇಂದ್ರ ಕಚೇರಿ ಚೆನ್ನೈಯಲ್ಲಿದೆ. ಅದು ನಡೆಸುವ ಪ್ರವೇಶ ಪರೀಕ್ಷೆ ಬರೆದು ಒಂದು ವರ್ಷದ ನಾಟಿಕಲ್ ಸೈನ್ಸ್ (ಹಡಗು ನಡೆಸುವ ಶಾಸ್ತ್ರ) ಡಿಪ್ಲೊಮಾಕ್ಕೋ ಮೂರು ವರ್ಷದ ಬಿಎಸ್ಸಿ ನಾಟಿಕಲ್ ಸೈನ್ಸ್ ಪದವಿಗೋ ಸೇರಬಹುದು. ಈ ಬಗೆಯ ಶಿಕ್ಷಣ ನಮ್ಮ ದೇಶದಲ್ಲಿ ಆರಂಭವಾದದ್ದು 1927ರಲ್ಲಿ, ಬೊಂಬಾಯಿ ಬಂದರಿನಲ್ಲಿ ಲಂಗರು ಹಾಕಿದ್ದ ‘ಡಫರಿನ್’ ಎಂಬ ತರಬೇತಿ ಹಡಗಿನಲ್ಲಿ. 1972ರಲ್ಲಿ ಅದರ ಸ್ಥಾನಕ್ಕೆ ‘ರಾಜೇಂದ್ರ’ ಬಂತು, 1993ರಲ್ಲಿ ನವಿ ಮುಂಬೈಯ ದಡದ ಮೇಲಿನ ‘ಚಾಣಕ್ಯ’ ಬಂತು. ಚಾಣಕ್ಯ ಹಡಗಲ್ಲ, ಕಟ್ಟಡ. ಆದರೂ ತರಬೇತಿ ಹಡಗು ಎಂಬ ಬಿರುದು ಅದರ ಹೆಸರಿನ ಹಿಂದೆ ಉಳಿದುಕೊಂಡಿದೆ.

ಅಂಕಗಳಷ್ಟೇ ಮುಖ್ಯವಾದುದು ಕಣ್ಣು. ಕನ್ನಡಕವಿಲ್ಲದೆ ದೂರದೃಷ್ಟಿ ಚೆನ್ನಾಗಿರಬೇಕು, ಬಣ್ಣಗುರುಡು ಇರಲೇಬಾರದು. ಎಷ್ಟೋ ಹುಡುಗರು ಎಲ್ಲ ಸಿದ್ಧತೆ ಮುಗಿಸಿ, ವೈದ್ಯಕೀಯ ಪರೀಕ್ಷೆಯ ದಿನ ಈ ಒಂದು ಕಾರಣಕ್ಕೆ ಹಿಂದಿರುಗುತ್ತಾರೆ. ಏಕಿಷ್ಟು ಕಠೋರ ನಿಯಮ? ರಾತ್ರಿ ಹಡಗಿನ ಎಡಬದಿಯಲ್ಲಿ ಕೆಂಪು ದೀಪ, ಬಲಬದಿಯಲ್ಲಿ ಹಸಿರು ದೀಪ ಉರಿಯುತ್ತದೆ. ಕತ್ತಲಲ್ಲಿ ಹಡಗು ಕಾಣುವುದಿಲ್ಲ, ದೀಪವಷ್ಟೇ ಕಾಣುತ್ತದೆ. ನಿಮ್ಮ ಬಲಗಡೆಯಲ್ಲಿ ಕೆಂಪು ದೀಪ ಕಂಡರೆ, ಅಲ್ಲಿರುವ ಹಡಗು ತನ್ನ ಎಡಮೈ ತೋರುತ್ತ ನಿಮ್ಮ ದಾರಿಗೆ ಅಡ್ಡಲಾಗಿ ಸಾಗುತ್ತಿದೆಯೆಂದು ಅರ್ಥ. ಎರಡು ಯಾಂತ್ರಿಕ ಹಡಗುಗಳು ಅಡ್ಡಹಾಯುವಾಗ ಯಾವುದರ ಬಲಗಡೆ ಇನ್ನೊಂದು ಇದೆಯೋ ಅದೇ ದಾರಿ ಬಿಡಬೇಕೆಂದು 1972ರ ಡಿಕ್ಕಿ ತಡೆ ನಿಯಮಗಳು ಹೇಳುತ್ತವೆ. ಹೀಗಾಗಿ ಕೆಂಪು ಕಂಡವನು ದಾರಿ ಬಿಡುತ್ತಾನೆ, ಹಸಿರು ಕಂಡವನು ತನ್ನ ದಾರಿಯಲ್ಲಿ ಮುಂದುವರಿಯುತ್ತಾನೆ. ರಸ್ತೆಯ ಸಿಗ್ನಲ್ಲಿನಲ್ಲಿ ಬಣ್ಣ ತಿಳಿಯದಿದ್ದರೂ ಮೇಲಿನದು, ಕೆಳಗಿನದು ಎಂದು ಊಹಿಸಬಹುದು. ಸಮುದ್ರದಲ್ಲಿ ಹಾಗೆ ಊಹಿಸಲು ಯಾವ ಕಂಬವೂ ಇಲ್ಲ.

ತರಗತಿ ಮುಗಿದ ಮೇಲೆ ವಿದ್ಯಾರ್ಥಿ ‘ಕೆಡೆಟ್’ ಆಗಿ ಹಡಗೇರುತ್ತಾನೆ. ಡಿಪ್ಲೊಮಾದವರಿಗೆ 18 ತಿಂಗಳು, ಬಿಎಸ್ಸಿಯವರಿಗೆ 12 ತಿಂಗಳು ಸಮುದ್ರದಲ್ಲಿ ಕಳೆಯಬೇಕು. ಇದನ್ನು ‘ಸೀ ಟೈಮ್’ ಎನ್ನುತ್ತಾರೆ. ಕೆಡೆಟ್‌ನ ಬಳಿ ತರಬೇತಿ ದಾಖಲೆಯ ಪುಸ್ತಕವೊಂದಿರುತ್ತದೆ. ಲಂಗರು ಬಿಡುವುದು, ಹಗ್ಗ ಕಟ್ಟುವುದು, ಸೂರ್ಯ ನಕ್ಷತ್ರಗಳ ಎತ್ತರ ಅಳೆದು ಹಡಗಿನ ಸ್ಥಾನ ಕಂಡುಹಿಡಿಯುವುದು, ಸರಕಿನ ಲೆಕ್ಕ ಇಡುವುದು ಹೀಗೆ ಒಂದೊಂದು ಕೆಲಸವನ್ನೂ ಮಾಡಿ ತೋರಿಸಿದಾಗ ಹಿರಿಯ ಅಧಿಕಾರಿ ಅದರಲ್ಲಿ ಸಹಿ ಹಾಕುತ್ತಾನೆ. ಉಪಗ್ರಹಗಳು ಸ್ಥಾನ ಹೇಳುವ ಕಾಲದಲ್ಲಿ ನಕ್ಷತ್ರ ಏಕೆ ಎಂದು ಕೇಳುವವರಿದ್ದಾರೆ. ಉಪಗ್ರಹದ ಸಂಕೇತವನ್ನು ಕೆಡಿಸಬಹುದು, ಉಪಕರಣ ಕೆಟ್ಟುಹೋಗಬಹುದು. ಆಗ ರಿಪೇರಿಯವನನ್ನು ಕರೆಯುವಂತಿಲ್ಲ.

ಪರೀಕ್ಷೆ ಮತ್ತು ಪ್ರಮಾಣಪತ್ರ

ಸೀ ಟೈಮ್ ಮುಗಿಸಿ ದಡಕ್ಕೆ ಬಂದವನು ಮತ್ತೆ ತರಗತಿಗೆ ಹೋಗಿ, ರಾಡಾರ್ ಮತ್ತು ಸೇತುವೆಯ ಸಿಮ್ಯುಲೇಟರ್‌ಗಳಲ್ಲಿ ಅಭ್ಯಾಸ ಮಾಡಿ, ಲಿಖಿತ ಹಾಗೂ ಮೌಖಿಕ ಪರೀಕ್ಷೆ ಎದುರಿಸುತ್ತಾನೆ. ಇಲ್ಲಿ ಸೇತುವೆ ಎಂದರೆ ಹಡಗನ್ನು ನಡೆಸುವ, ಎತ್ತರದಲ್ಲಿರುವ ನಿಯಂತ್ರಣ ಕೋಣೆ. ಸಿಮ್ಯುಲೇಟರ್‌ನ ಪರದೆಯಲ್ಲಿ ಮಂಜು ಕವಿಸಬಹುದು, ಎದುರಿಗೆ ಹತ್ತಾರು ಮೀನುದೋಣಿಗಳನ್ನು ತರಬಹುದು, ಚುಕ್ಕಾಣಿ ಕೆಡಿಸಬಹುದು. ನಿಜವಾದ ಹಡಗಿನಲ್ಲಿ ಒಮ್ಮೆಯೂ ಮಾಡಬಾರದ ತಪ್ಪನ್ನು ಇಲ್ಲಿ ಮಾಡಿ ಅದರ ಪರಿಣಾಮವನ್ನು ಕಾಣಬಹುದು.

ಹಾಗೆ ದೊರೆಯುವುದು ‘ಸಿಒಸಿ’ ಎನ್ನುವ ಸಾಮರ್ಥ್ಯ ಪ್ರಮಾಣಪತ್ರ. ಇದನ್ನು ವಾಹನ ಚಾಲನೆಯ ಪರವಾನಗಿಗೆ ಹೋಲಿಸಬಹುದು. ಕಾರಿನ ಪರವಾನಗಿ ಹಿಡಿದು ಲಾರಿ ಓಡಿಸಲಾಗದು. ಹಾಗೆಯೇ ಡೆಕ್ಕಿನವರಿಗೆ 500 ಮತ್ತು 3,000 ಗ್ರಾಸ್ ಟನ್ನೇಜ್‌ನ, ಎಂಜಿನಿಯರುಗಳಿಗೆ ಎಂಜಿನ್ ಶಕ್ತಿಯಲ್ಲಿ 750 ಮತ್ತು 3,000 ಕಿಲೋವಾಟ್‌ಗಳ ಮಿತಿಗಳಿವೆ. ಗ್ರಾಸ್ ಟನ್ನೇಜ್ ಎಂಬುದರಲ್ಲಿ ಟನ್ ಎಂಬ ಸದ್ದಿದ್ದರೂ ಅದು ತೂಕವನ್ನು ಹೇಳುವುದಿಲ್ಲ, ಹಡಗಿನ ಒಳಗಿನ ಒಟ್ಟು ಜಾಗವನ್ನು ಲೆಕ್ಕ ಹಾಕಿ ಪಡೆದ ಅಂಕಿ ಅದು. ಡೆಕ್ಕಿನಲ್ಲಿ ಮೊದಲ ಪ್ರಮಾಣಪತ್ರ ಸೆಕೆಂಡ್ ಮೇಟ್, ಅನಂತರ ಫಸ್ಟ್ ಮೇಟ್, ಕೊನೆಗೆ ಮಾಸ್ಟರ್. ಪ್ರಮಾಣಪತ್ರದ ಹೆಸರೂ ಹುದ್ದೆಯ ಹೆಸರೂ ಒಂದೇ ಎಂದು ಭಾವಿಸಬಾರದು. ಸೆಕೆಂಡ್ ಮೇಟ್ ಪಾಸಾದವನು ಸಾಮಾನ್ಯವಾಗಿ ಥರ್ಡ್ ಆಫೀಸರ್ ಆಗಿ ಕೆಲಸ ಆರಂಭಿಸುತ್ತಾನೆ. ಪ್ರತಿ ಮೆಟ್ಟಿಲಿನ ನಡುವೆಯೂ ಮತ್ತೆ ಸಮುದ್ರದಲ್ಲಿ ಕಳೆದ ತಿಂಗಳುಗಳನ್ನು ತೋರಿಸಬೇಕು. ತೈಲ, ರಾಸಾಯನಿಕ, ಅನಿಲ ಸಾಗಿಸುವ ಟ್ಯಾಂಕರುಗಳಲ್ಲಿ ದುಡಿಯಲು ಪ್ರತ್ಯೇಕ ಕೋರ್ಸುಗಳೂ ಬೇಕು.

ಈ ಮೆಟ್ಟಿಲುಗಳನ್ನು ಬೇರೆ ಕಡೆಯಿಂದ ಬಂದು ಹತ್ತಿದವರೂ ಇದ್ದಾರೆ. ಕೇರಳದ ರಾಧಿಕಾ ಮೆನನ್ ರೇಡಿಯೊ ಅಧಿಕಾರಿಯಾಗಿ ಹಡಗು ಸೇರಿ, ಒಂದೊಂದೇ ಪರೀಕ್ಷೆ ಮುಗಿಸಿ, ಭಾರತದ ವಾಣಿಜ್ಯ ಹಡಗಿನ ಮೊದಲ ಮಹಿಳಾ ಕ್ಯಾಪ್ಟನ್ ಆದರು. 2015ರ ಜೂನ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ಎಂಜಿನ್ ಕೆಟ್ಟು ದಿಕ್ಕುಗೆಟ್ಟಿದ್ದ ‘ದುರ್ಗಮ್ಮ’ ಎಂಬ ಮೀನುದೋಣಿಯ ಏಳು ಮಂದಿಯನ್ನು, 25 ಅಡಿಗೂ ಮಿಕ್ಕಿದ ಅಲೆಗಳ ನಡುವೆ, ಅವರ ‘ಸಂಪೂರ್ಣ ಸ್ವರಾಜ್ಯ’ ಎಂಬ ತೈಲದ ಹಡಗು ಮೂರನೆಯ ಪ್ರಯತ್ನದಲ್ಲಿ ಮೇಲೆತ್ತಿಕೊಂಡಿತು. ಅದಕ್ಕಾಗಿ 2016ರಲ್ಲಿ ಐಎಂಒ ಕಡಲ ಶೌರ್ಯ ಪ್ರಶಸ್ತಿ ನೀಡಿತು. ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರೇ. ದೊಡ್ಡ ಹಡಗನ್ನು ಸಣ್ಣ ದೋಣಿಯ ಹತ್ತಿರ, ಅದನ್ನು ಜಜ್ಜಿಹಾಕದಂತೆ ತಂದು ನಿಲ್ಲಿಸುವುದು ಎಂಥ ಕೆಲಸವೆಂದು ಮಲ್ಪೆಯ, ಭಟ್ಕಳದ ಮೀನುಗಾರರಿಗೆ ಬಿಡಿಸಿ ಹೇಳಬೇಕಿಲ್ಲ.

ಎಂಜಿನ್ ಕೋಣೆ ಮತ್ತು ರೇಟಿಂಗ್

ಎಂಜಿನಿಯರ್ ಆಗಲು ನಾಲ್ಕು ವರ್ಷದ ಮರೈನ್ ಎಂಜಿನಿಯರಿಂಗ್ ಪದವಿ ಒಂದು ದಾರಿ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದವರಿಗೆ ‘ಜಿಎಂಇ’ ಎಂಬ ಕಿರು ಅವಧಿಯ ಕೋರ್ಸು ಇನ್ನೊಂದು ದಾರಿ. ಎಂಜಿನಿಯರಿಂಗ್ ಕಾಲೇಜುಗಳಿಗೆ ಕೊರತೆಯಿಲ್ಲದ ನಮ್ಮ ರಾಜ್ಯದವರಿಗೆ ಇದು ಹತ್ತಿರದ ದಾರಿ. ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಓದಿದವರು ‘ಇಟಿಒ’, ಅಂದರೆ ಹಡಗಿನ ವಿದ್ಯುತ್ ಅಧಿಕಾರಿ, ಆಗಬಹುದು. ಈ ಹುದ್ದೆಗೆ ಅಂತರರಾಷ್ಟ್ರೀಯ ಮಾನದಂಡ ಬಂದದ್ದು 2010ರ ತಿದ್ದುಪಡಿಯಿಂದ. ಎಂಜಿನ್ ವಿಭಾಗದವರಿಗೆ ಒಂದು ಮಿತಿಯೊಳಗೆ ಕನ್ನಡಕಕ್ಕೆ ಅವಕಾಶವಿದೆ. ಇಲ್ಲಿ ಪ್ರಮಾಣಪತ್ರಗಳನ್ನು ಕ್ಲಾಸ್ 4, ಕ್ಲಾಸ್ 2, ಕ್ಲಾಸ್ 1 ಎಂದು ಎಣಿಸುತ್ತಾರೆ. ಕ್ಲಾಸ್ 1 ಪಡೆದವನು ಚೀಫ್ ಎಂಜಿನಿಯರ್ ಆಗಲು ಅರ್ಹ.

ಎಂಜಿನ್ ಕೋಣೆಯವರಿಗೆ ಸಿಮ್ಯುಲೇಟರ್‌ನಲ್ಲಿ ಮತ್ತೆ ಮತ್ತೆ ಕೊಡುವ ಅಭ್ಯಾಸ ‘ಬ್ಲ್ಯಾಕೌಟ್’, ಅಂದರೆ ಹಡಗಿನ ವಿದ್ಯುತ್ ಒಮ್ಮೆಲೇ ನಿಂತುಹೋಗುವುದು. 2024ರ ಮಾರ್ಚ್ 26ರಂದು ಅಮೆರಿಕದ ಬಾಲ್ಟಿಮೋರ್‌ನಲ್ಲಿ ‘ಡಾಲಿ’ ಎಂಬ ಹಡಗಿಗೆ ಆದದ್ದು ಅದೇ. ಅದರಲ್ಲಿ ದುಡಿಯುತ್ತಿದ್ದವರಲ್ಲಿ ಹೆಚ್ಚಿನವರು ಭಾರತೀಯರು. ವಿದ್ಯುತ್ ಹೋಗಿ, ಬಂದು, ಮತ್ತೆ ಹೋಗುವಷ್ಟರಲ್ಲಿ ಹಡಗು ದಿಕ್ಕು ತಪ್ಪಿ ರಸ್ತೆ ಸೇತುವೆಯ ಕಂಬಕ್ಕೆ ಬಡಿದು, ಸೇತುವೆಯ ಮೇಲೆ ದುರಸ್ತಿ ಮಾಡುತ್ತಿದ್ದ ಆರು ಕಾರ್ಮಿಕರು ಸತ್ತರು. ಆದರೆ ಬಡಿಯುವ ಮುನ್ನ ಹಡಗಿನಿಂದ ಹೋದ ಅಪಾಯದ ಸಂದೇಶದಿಂದಾಗಿ ಪೊಲೀಸರು ಸೇತುವೆಗೆ ಬರುವ ವಾಹನಗಳನ್ನು ತಡೆದು ನಿಲ್ಲಿಸಲು ಸಾಧ್ಯವಾಯಿತು.

ಹತ್ತನೆಯ ತರಗತಿ ಮುಗಿಸಿದವರಿಗೆ ‘ಜಿಪಿ ರೇಟಿಂಗ್’ ಎಂಬ ಆರು ತಿಂಗಳ ತರಬೇತಿಯಿದೆ. ಡೆಕ್ ಮತ್ತು ಎಂಜಿನ್ ಎರಡೂ ಕಡೆಯ ಕೈಕೆಲಸಗಳನ್ನು ಇದರಲ್ಲಿ ಕಲಿಸುತ್ತಾರೆ. ಅಡುಗೆಯವರಿಗೆ ಪ್ರತ್ಯೇಕ ಕೋರ್ಸು. ರೇಟಿಂಗ್ ಆಗಿ ಸೇರಿದವನು ಕೊನೆಯತನಕ ಅಲ್ಲೇ ಉಳಿಯಬೇಕೆಂದೇನೂ ಇಲ್ಲ. 36 ತಿಂಗಳ ಸಮುದ್ರ ಸೇವೆಯ ಬಲದ ಮೇಲೆ ಅಧಿಕಾರಿಯ ಪರೀಕ್ಷೆಗೆ ಕೂರುವ ದಾರಿಯನ್ನೂ ಎಸ್‌ಟಿಸಿಡಬ್ಲ್ಯು ತೆರೆದಿಟ್ಟಿದೆ.

ಮೋಸ ನಡೆಯುವುದು ಎಲ್ಲಿ

ಕೋರ್ಸು ಮುಗಿದರೆ ಕೆಲಸ ಸಿಕ್ಕಿತೆಂದು ಅನೇಕ ಹೆತ್ತವರು ನಂಬುತ್ತಾರೆ. ಕಷ್ಟ ಶುರುವಾಗುವುದೇ ಅಲ್ಲಿಂದ. ಸೀ ಟೈಮ್ ಇಲ್ಲದೆ ಪರೀಕ್ಷೆಗೆ ಕೂರುವಂತಿಲ್ಲ, ಹಡಗು ಕಂಪನಿ ಕೆಡೆಟ್ ಆಗಿ ಸೇರಿಸಿಕೊಳ್ಳದೆ ಸೀ ಟೈಮ್ ಸಿಗುವುದಿಲ್ಲ. ಆದ್ದರಿಂದ ಸೇರುವ ಮೊದಲೇ ಹಡಗು ಕಂಪನಿಯೊಂದರ ‘ಸ್ಪಾನ್ಸರ್‌ಶಿಪ್’, ಅಂದರೆ ಕೋರ್ಸಿನ ಬಳಿಕ ಹಡಗಿನಲ್ಲಿ ತರಬೇತಿಯ ಜಾಗ ಕೊಡುವ ಬದ್ಧತೆ, ಇದೆಯೇ ಎಂದು ನೋಡುವುದು ಜಾಣತನ. ಕಾಲೇಜಿನ ಕಟ್ಟಡ, ಬಿಳಿ ಸಮವಸ್ತ್ರದ ಫೋಟೊ ಇವುಗಳಿಗಿಂತ, ಹಿಂದಿನ ವರ್ಷ ಪಾಸಾದವರಲ್ಲಿ ಎಷ್ಟು ಮಂದಿ ಈಗ ಸಮುದ್ರದಲ್ಲಿದ್ದಾರೆ ಎಂಬ ಪ್ರಶ್ನೆಗೆ ಸಿಗುವ ಉತ್ತರ ಹೆಚ್ಚು ಹೇಳುತ್ತದೆ.

ಹಡಗೇರುವವನ ಕೈಯಲ್ಲಿ ಪಾಸ್‌ಪೋರ್ಟ್ ಅಲ್ಲದೆ ಇನ್ನೆರಡು ಗುರುತುಗಳಿರಬೇಕು. ‘ಇಂಡೋಸ್’ ಸಂಖ್ಯೆ ಭಾರತೀಯ ನಾವಿಕರ ದಾಖಲೆಯಲ್ಲಿ ಆತನ ಖಾಯಂ ಸಂಖ್ಯೆ. ‘ಸಿಡಿಸಿ’ ಎಂಬುದು ಯಾವ ಹಡಗಿಗೆ ಯಾವ ದಿನ ಹತ್ತಿದ, ಯಾವ ದಿನ ಇಳಿದ ಎಂಬುದನ್ನು ನಮೂದಿಸುವ ಸೇವಾ ಪುಸ್ತಕ. ಸೈನ್ ಆನ್, ಸೈನ್ ಆಫ್ ಎಂಬ ಮಾತುಗಳು ಇದಕ್ಕೇ ಸಂಬಂಧಿಸಿದವು. ಈ ಎರಡರ ಹೆಸರು ಹೇಳಿಯೇ ದಲ್ಲಾಳಿಗಳು ಹಣ ಕೀಳುತ್ತಾರೆ. ಸಿಡಿಸಿ ಇದ್ದ ಮಾತ್ರಕ್ಕೆ ಕೆಲಸ ಸಿಗುವುದಿಲ್ಲ, ಮಾನ್ಯತೆಯಿಲ್ಲದ ಸಂಸ್ಥೆಯ ಕೋರ್ಸಿಗೆ ಯಾವ ಬೆಲೆಯೂ ಇಲ್ಲ. ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿಯೂ ನಾವಿಕರನ್ನು ನೇಮಿಸಲು ‘ಆರ್‌ಪಿಎಸ್‌ಎಲ್’ ಪರವಾನಗಿ ಪಡೆದ ಏಜೆನ್ಸಿಗಳ ಪಟ್ಟಿಯೂ ಡಿಜಿ ಶಿಪ್ಪಿಂಗ್‌ನ ಜಾಲತಾಣದಲ್ಲಿ ಸಿಗುತ್ತವೆ. 2006ರ ಕಡಲ ಕಾರ್ಮಿಕ ಒಪ್ಪಂದದ ಪ್ರಕಾರ ಕೆಲಸ ಕೊಡಿಸುವುದಕ್ಕಾಗಿ ನಾವಿಕನಿಂದ ಶುಲ್ಕ ಪಡೆಯುವಂತಿಲ್ಲ. ವೈದ್ಯಕೀಯ ಪ್ರಮಾಣಪತ್ರ, ಸೇವಾ ಪುಸ್ತಕ, ಪಾಸ್‌ಪೋರ್ಟ್‌ಗಳಂಥ ವೆಚ್ಚವನ್ನಷ್ಟೇ ಆತ ಭರಿಸಬೇಕು, ವೀಸಾದ ವೆಚ್ಚವೂ ಹಡಗಿನ ಮಾಲೀಕನದೇ. ಯಾರಾದರೂ ಕೆಲಸಕ್ಕೆಂದು ಲಕ್ಷಗಟ್ಟಲೆ ಕೇಳಿದರೆ, ಆ ಬೇಡಿಕೆಯೇ ಉತ್ತರ ಹೇಳಿದಂತೆ.

ಐದು ವರ್ಷಕ್ಕೊಮ್ಮೆ ಮತ್ತೆ ನೀರಿಗೆ

ಹಡಗೇರಿದ ಮೇಲೂ ಅಭ್ಯಾಸ ನಿಲ್ಲುವುದಿಲ್ಲ. ಪ್ರತಿಯೊಬ್ಬ ನಾವಿಕನೂ ತಿಂಗಳಿಗೊಮ್ಮೆಯಾದರೂ ಬೆಂಕಿಯ ಮತ್ತು ಹಡಗು ತೊರೆಯುವ ಅಣಕು ಅಭ್ಯಾಸದಲ್ಲಿ ಭಾಗವಹಿಸಬೇಕು. ಕಾಲು ಭಾಗಕ್ಕಿಂತ ಹೆಚ್ಚು ಮಂದಿ ಹಿಂದಿನ ತಿಂಗಳು ಆ ಹಡಗಿನಲ್ಲಿ ಅಭ್ಯಾಸ ಮಾಡಿರದಿದ್ದರೆ, ಬಂದರು ಬಿಟ್ಟ 24 ಗಂಟೆಗಳೊಳಗೇ ಅದನ್ನು ನಡೆಸಬೇಕು. ಹೊಸ ಇಂಧನಗಳೂ ಹೊಸ ಪಾಠಗಳನ್ನು ತರುತ್ತಿವೆ: ದ್ರವರೂಪದ ನೈಸರ್ಗಿಕ ಅನಿಲದಿಂದ ಓಡುವ ಹಡಗುಗಳಿಗೆ ಪ್ರತ್ಯೇಕ ತರಬೇತಿ ಈಗಾಗಲೇ ಇದೆ. ಮೆಥನಾಲ್ ಮತ್ತು ಅಮೋನಿಯಾದಿಂದ ನಡೆಯುವ ಎಂಜಿನ್‌ಗಳು ಬರುತ್ತಿವೆ. ಅಮೋನಿಯಾ ಸೋರಿದರೆ ಬೆಂಕಿಗಿಂತ ಮೊದಲು ವಿಷದ ಭಯ.

ಸಿಒಸಿಗೂ ಐದು ವರ್ಷದ ಆಯುಸ್ಸು. ನವೀಕರಿಸಲು ಆ ಅವಧಿಯಲ್ಲಿ ಸಮುದ್ರದಲ್ಲಿ ದುಡಿದದ್ದನ್ನು ತೋರಿಸಬೇಕು, ಇಲ್ಲವೇ ಮತ್ತೆ ಕಲಿಯಬೇಕು. ನೀರಿನಲ್ಲಿ ಬದುಕುಳಿಯುವ ಮತ್ತು ಬೆಂಕಿ ಆರಿಸುವ ಪಾಠಗಳಲ್ಲಿಯೂ ಸಾಮರ್ಥ್ಯ ಉಳಿದಿದೆಯೆಂದು ಐದು ವರ್ಷಕ್ಕೊಮ್ಮೆ ಸಾಬೀತುಪಡಿಸಬೇಕು. ಜೀವರಕ್ಷಕ ಅಂಗಿ ತೊಡುವಂಥ ಕೆಲವನ್ನು ಹಡಗಿನ ಮೇಲೆಯೇ ಮಾಡಿ ತೋರಿಸಿದರೆ ಒಪ್ಪಿಕೊಳ್ಳಬಹುದೆಂದು ನಿಯಮ ಹೇಳುತ್ತದೆ. ಎತ್ತರದಿಂದ ನೀರಿಗೆ ಹಾರುವುದಕ್ಕೆ, ಬೋರಲು ಬಿದ್ದ ತೆಪ್ಪವನ್ನು ತಿರುಗಿಸುವುದಕ್ಕೆ ಆ ವಿನಾಯಿತಿಯಿಲ್ಲ. ಅದಕ್ಕಾಗಿ ಮೂವತ್ತು ವರ್ಷ ಹಡಗು ನಡೆಸಿದ ಕ್ಯಾಪ್ಟನ್ ಕೂಡ ರಜೆಯಲ್ಲಿ ಊರಿಗೆ ಬಂದಾಗ ತರಬೇತಿ ಸಂಸ್ಥೆಯ ಈಜುಕೊಳದ ದಂಡೆಯಲ್ಲಿ ಜೀವರಕ್ಷಕ ಅಂಗಿ ತೊಟ್ಟು ತನ್ನ ಸರದಿಗಾಗಿ ಕಾಯುತ್ತಾನೆ.